ಹಳೆಯ ವೈಸ್: ತೂಗುವ ಮೊದಲು ಓದಿ

ಲೆಕ್ಕಶಾಸ್ತ್ರದ ಸವಕಳಿ ಪಾಠದಲ್ಲಿ ‘ಗುಜರಿ ಮೌಲ್ಯ’ ಎಂಬ ಮಾತು ಬರುತ್ತದೆ. ಯಂತ್ರದ ಆಯುಷ್ಯ ಮುಗಿದ ಮೇಲೆ ಅದನ್ನು ಮಾರಿದರೆ ಸಿಗುವ ಹಣ ಅದು. ಆದರೆ ಆಯುಷ್ಯ ಮುಗಿದಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನನಗೆ ಬಂದದ್ದು ದಾದಾ ಅವರ ವೈಸ್‌ನಿಂದ.

ದಾದಾ ಹಂಸಭಾವಿಯಲ್ಲಿ ಒಕ್ಕಲುತನದ ಸಾಮಾನು ರಿಪೇರಿ ಮಾಡುತ್ತಿದ್ದರು. ಕೆಲಸದ ಮೇಜಿಗೆ ಬೋಲ್ಟ್ ಹಾಕಿ ಕೂರಿಸುವ, ಕಬ್ಬಿಣವನ್ನು ಎರಡು ದವಡೆಗಳ ನಡುವೆ ಬಿಗಿಯಾಗಿ ಹಿಡಿಯುವ ಸಾಧನವೇ ವೈಸ್. ಮನೆಯಲ್ಲಿ ನಾವು ಅದನ್ನು ‘ಬಾಂಕ್’ ಎನ್ನುತ್ತೇವೆ. ದಾದಾ ತೀರಿಕೊಂಡ ಮೇಲೆ ಎರಡು ವೈಸ್ ಉಳಿದವು. ಒಂದನ್ನು ಹೋದ ವರ್ಷ ನಾನೇ ಗುಜರಿಗೆ ಕೊಟ್ಟು ಬಂದೆ. ಎರಡನೆಯದು 16 ಕೆಜಿ. ಕೆಜಿಗೆ 28 ರೂಪಾಯಿಯಂತೆ 448 ರೂಪಾಯಿ ಆಗುತ್ತಿತ್ತು. ಆಗ ಚಾಚಾ, “ಬೇಟಾ, ಮೊದಲು ಉಜ್ಜಿ ನೋಡು” ಎಂದರು.

ಹಳೆಯ ವೈಸ್ ಗುರುತಿಸಲು ಮೊದಲು ಸೀಮೆಎಣ್ಣೆ ಹಚ್ಚಿ ತಂತಿ ಬ್ರಷ್‌ನಿಂದ ಉಜ್ಜಬೇಕು. ಗ್ರೈಂಡರ್ ಹಿಡಿಯಬಾರದು, ಅಕ್ಷರಗಳೇ ಹೋಗಿಬಿಡುತ್ತವೆ. ನಮ್ಮದರ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ‘ರೆಕಾರ್ಡ್’, ‘ನಂ. 3’, ‘ಮೇಡ್ ಇನ್ ಇಂಗ್ಲೆಂಡ್’ ಎಂದು ಕಂಡಿತು. ರೆಕಾರ್ಡ್ ಎಂಬುದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿಯ ಮಾರ್ಕು. ಆ ಕಂಪನಿ 1972ರಲ್ಲಿ ರಿಡ್ಜ್‌ವೇ ಕಂಪನಿಯೊಂದಿಗೆ ಸೇರಿತು. ನಂ. 3 ಎಂದರೆ 4 ಇಂಚು ಅಗಲದ ದವಡೆ. ವೈಸ್‌ನ ಅಳತೆ ಹೇಳುವುದು ದವಡೆಯ ಅಗಲದಿಂದಲೇ, ತೂಕದಿಂದಲ್ಲ.

ಹೆಸರು, ನಂಬರು ಸಿಕ್ಕ ಮಾತ್ರಕ್ಕೆ ವರ್ಷ ಸಿಗುವುದಿಲ್ಲ. ಕೆಲವದರಲ್ಲಿ ಅದೂ ಸಿಗುತ್ತದೆ. ಅಮೆರಿಕದ ಶಿಕಾಗೋದಲ್ಲಿ 1941ರಲ್ಲಿ ಆರಂಭವಾದ ವಿಲ್ಟನ್ ಕಂಪನಿಯ ಹಳೆಯ ವೈಸ್‌ಗಳಲ್ಲಿ, ಮುಂದಿನ ದವಡೆಯನ್ನು ಹೊರಗೆಳೆದು ಅದರ ದಂಡದ ಅಡಿಯಲ್ಲಿ ನೋಡಿದರೆ ದಿನಾಂಕದ ಅಚ್ಚು ಇರುತ್ತದೆ.

ಅಕ್ಷರವೇ ಇಲ್ಲದಿದ್ದರೆ ಆಕಾರ ನೋಡಬೇಕು. ಕಮ್ಮಾರರ ಕುಲುಮೆಯಲ್ಲಿ ನೆಲದವರೆಗೆ ಒಂದು ಕಾಲು ಇಳಿದ ವೈಸ್ ಇರುತ್ತದೆ. ಅದು ಕಾಯಿಸಿ ಬಡಿದು ಮಾಡಿದ್ದು, ಸುತ್ತಿಗೆಯ ಏಟು ತಡೆಯುತ್ತದೆ. ಮೇಜಿನ ವೈಸ್ ಹೆಚ್ಚಾಗಿ ಎರಕದ ಕಬ್ಬಿಣದ್ದು. ಜೋರಾಗಿ ಬಡಿದರೆ ಬಿರುಕು ಬಿಡುತ್ತದೆ.

ಕೊನೆಗೆ ಆರೋಗ್ಯ ಪರೀಕ್ಷೆ. ಬಿರುಕು ಅಥವಾ ವೆಲ್ಡಿಂಗ್ ಗುರುತು ಇದೆಯೇ? ಸ್ಕ್ರೂ ಪೂರ್ತಿ ಉದ್ದಕ್ಕೂ ಸಲೀಸಾಗಿ ತಿರುಗುತ್ತದೆಯೇ? ಅದರ ಹಲ್ಲು ಚೂಪಾಗಿ ಸವೆದಿವೆಯೇ? ದವಡೆಯ ಮುಖದ ಉಕ್ಕಿನ ಪಟ್ಟಿ ಸವೆದಿದ್ದರೆ ಹೆದರಬೇಕಿಲ್ಲ. ಎರಡು ಸ್ಕ್ರೂ ಬಿಚ್ಚಿ ಬೇರೆ ಪಟ್ಟಿ ಹಾಕಬಹುದು.

ನಮ್ಮದರಲ್ಲಿ ಸವೆದದ್ದು ಆ ಪಟ್ಟಿ ಮಾತ್ರ. ಪೇಟೆಯಲ್ಲಿ ಅದೇ ಅಳತೆಯ ಹೊಸ ವೈಸ್‌ಗೆ ಮೂರು ಸಾವಿರದ ಹತ್ತಿರ ಹೇಳಿದರು. ಅಂದರೆ 448 ರೂಪಾಯಿ ಕಬ್ಬಿಣದ ಬೆಲೆ, ವೈಸ್‌ನ ಬೆಲೆ ಅಲ್ಲ. ಈಗ ಚಾಚಾ ಅದರಲ್ಲೇ ಎಡೆಕುಂಟೆಯ ಕುಡ ಹಿಡಿದು ಫೈಲ್ ಹಾಕುತ್ತಾರೆ.

ಹೋದ ವರ್ಷ ಕೊಟ್ಟ ವೈಸ್ ಮೇಲೆ ಏನು ಬರೆದಿತ್ತೋ, ನಾನು ನೋಡಲೇ ಇಲ್ಲ. ನಿಮ್ಮ ಮನೆಯ ಮೂಲೆಯಲ್ಲೂ ಅಂಥದ್ದೊಂದು ಇದ್ದರೆ, ತಕ್ಕಡಿಗೆ ಏರಿಸುವ ಮೊದಲು ಒಮ್ಮೆ ಉಜ್ಜಿ ಓದಿ.