ನಿಮಗಿದು ಗೊತ್ತೆ? ಟೀ ಸೊಪ್ಪಿಗೂ ಋತುವಿನ ರುಚಿ

ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪಿದೆ, ಕೆ.ಆರ್. ನಗರದಲ್ಲಿ ಭತ್ತ. ಟೀ ಗಿಡ ನೋಡಬೇಕೆಂದರೆ ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿ ವಯನಾಡಿಗೇ ಹೋಗಬೇಕು. ಕರ್ನಾಟಕದಲ್ಲಿ ಟೀ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ಕೆಲವೇ ತೋಟಗಳಲ್ಲಿ.

ಚಳಿಗಾಲದಲ್ಲಿ ಡಾರ್ಜಿಲಿಂಗ್‌ನ ಟೀ ಗಿಡ ಚಿಗುರುವುದನ್ನೇ ನಿಲ್ಲಿಸುತ್ತದೆ. ಚಳಿಯೊಂದೇ ಅಲ್ಲ, ಹಗಲು ಕುಗ್ಗುವುದೂ ಕಾರಣ. ನಮ್ಮ ಕಡೆ ಡಿಸೆಂಬರಿನಲ್ಲೂ ಹಗಲು 11 ಗಂಟೆಗಿಂತ ಕಡಿಮೆಯಾಗದು. ಹಾಗಾಗಿ ವಯನಾಡು, ನೀಲಗಿರಿಯಲ್ಲಿ ವರ್ಷವಿಡೀ ಕೊಯ್ಲು.

ಡಾರ್ಜಿಲಿಂಗ್‌ನಲ್ಲಿ ಮಾರ್ಚ್ ಹೊತ್ತಿಗೆ ಕೀಳುವ ಮೊದಲ ಚಿಗುರು 'ಫಸ್ಟ್ ಫ್ಲಶ್': ತಿಳಿ ಬಣ್ಣ, ಹೂವಿನ ಘಮ. ಮೇ-ಜೂನ್‌ನ 'ಸೆಕೆಂಡ್ ಫ್ಲಶ್'ಗೆ ದ್ರಾಕ್ಷಿಯ ಪರಿಮಳ. ಇದರಲ್ಲಿ ಕೀಟದ ಪಾಲೂ ಉಂಟು! ಜಿಗಿಹುಳು ರಸ ಹೀರಿದಾಗ ಎಲೆ ಪರಿಮಳದ ಅಂಶಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಮಳೆಗಾಲದ ಸೊಪ್ಪು ಹೇರಳ, ಸ್ವಾದ ಸಾಧಾರಣ. ಅಕ್ಟೋಬರ್-ನವೆಂಬರಿನದು ತಾಮ್ರವರ್ಣದ ಟೀ.

ನೀಲಗಿರಿಯ ಹೆಮ್ಮೆ 'ಫ್ರಾಸ್ಟ್ ಟೀ'. ಇಬ್ಬನಿ ಹೆಪ್ಪುಗಟ್ಟುವ ಡಿಸೆಂಬರ್-ಜನವರಿಯ ನಿಧಾನ ಚಿಗುರಿನಿಂದ ತಯಾರಾಗುವ ಈ ಟೀಗೆ ಹಾಲು ಬೆರೆಸದಿದ್ದರೇ ಚೆನ್ನ.