ನಿಮಗಿದು ಗೊತ್ತೇ? ದೇವಸಮುದ್ರದ ಬಿಸಿಲಿಗೆ ಚಿಂಚಿಲಾ ಬಾಳೀತೇ?

ಬೂದುಬಣ್ಣದ ಮೃದು ಮೈ, ಅಗಲ ಕಿವಿ, ಪೊದೆಯಂಥ ಬಾಲ. ಮೊಬೈಲ್‌ನಲ್ಲಿ ಚಿಂಚಿಲಾ ವಿಡಿಯೊ ನೋಡಿದ ಮಕ್ಕಳು ‘ನಮಗೂ ಒಂದು ಬೇಕು’ ಎಂದು ಹಟ ಹಿಡಿದರೆ ತಪ್ಪೇನಿಲ್ಲ. ಉತ್ತರ ಕೊಡಬೇಕಾದವರು ದೊಡ್ಡವರು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ, ರಾಂಪುರದ ಕಡೆಯವರಾಗಲಿ, ಚಳ್ಳಕೆರೆಯವರಾಗಲಿ, ದುಡ್ಡು ಕೊಡುವ ಮೊದಲು ಇದನ್ನಷ್ಟು ಓದಿಕೊಳ್ಳಿ.

ಚಿಂಚಿಲಾ ಇಲಿ, ಅಳಿಲುಗಳ ಹಾಗೆ ದಂಶಕ ಜಾತಿಗೆ ಸೇರಿದ ಪ್ರಾಣಿ. ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲು. ಉದ್ದ ಬಾಲದ್ದು, ಗಿಡ್ಡ ಬಾಲದ್ದು ಎಂದು ಎರಡೇ ಪ್ರಭೇದಗಳಿವೆ. ಕಾಡಿನಲ್ಲಿ ಎರಡೂ ಅಳಿವಿನಂಚಿನಲ್ಲಿವೆ. ಉದ್ದ ಬಾಲದ ಚಿಂಚಿಲಾವನ್ನು ಉಳಿಸಲೆಂದೇ ಚಿಲಿ ದೇಶ 1983ರಲ್ಲಿ ‘ಲಾಸ್ ಚಿಂಚಿಲಾಸ್’ ಎಂಬ ಮೀಸಲು ಪ್ರದೇಶ ಮಾಡಿತು. ಮನೆಗಳಲ್ಲಿ ಸಾಕುವುದು ಇದೇ ಪ್ರಭೇದದಿಂದ ಬಂದ ತಳಿಯನ್ನು.

ಅದಕ್ಕೆ ಎಷ್ಟು ಸೆಕೆ ತಡೆಯುತ್ತದೆ ಗೊತ್ತೇ? ಹಿತವಾದದ್ದು 15ರಿಂದ 21 ಡಿಗ್ರಿ ಸೆಲ್ಸಿಯಸ್. 25 ದಾಟಿದರೆ ಅಪಾಯ ಶುರು. ಅದಕ್ಕೆ ಮೈ ಬೆವರುವುದಿಲ್ಲ. ಒಳಗಿನ ಬಿಸಿ ಹೊರಹೋಗಬೇಕಾದರೆ ಮುಖ್ಯವಾಗಿ ಆ ತೆಳು ಕಿವಿಗಳೇ ದಾರಿ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ಆಸುಪಾಸಿಗೆ ಹೋಗುವುದು ಹೊಸತೇನಲ್ಲ. ನೆರಳಿನಲ್ಲಿ ಕೂತ ಮನುಷ್ಯನೇ ‘ಉಸ್ಸಪ್ಪಾ’ ಎನ್ನುವ ಹೊತ್ತು ಅದು. ಬೇಸಿಗೆ ಬಿಡಿ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ನಮ್ಮ ಸಾಧಾರಣ ಹಗಲೇ ಈ ಪ್ರಾಣಿಗೆ ಅತಿಯಾಗುತ್ತದೆ.

ಫ್ಯಾನ್ ಹಾಕಿದರೆ ಸಾಲದೇ? ಸಾಲದು. ಬೆವರಿದ ಮೈಗೆ ಗಾಳಿ ತಂಪು. ಬೆವರದ ಪ್ರಾಣಿಗೆ ಫ್ಯಾನಿನಿಂದ ಆಗುವ ಉಪಕಾರ ತೀರ ಕಡಿಮೆ. ಹಾಗಾದರೆ ನೀರು ತುಂಬುವ ಕೂಲರ್? ಅದು ಕೋಣೆಯೊಳಗೆ ತೇವ ತುಂಬುತ್ತದೆ. ಸೆಕೆಯ ಜೊತೆ ತೇವವೂ ಸೇರಿದರೆ ಚಿಂಚಿಲಾಕ್ಕೆ ಎರಡು ಪಟ್ಟು ಕಷ್ಟ, ತುಪ್ಪಳಕ್ಕೆ ಬೂಷ್ಟೂ ಹಿಡಿಯಬಹುದು. ಉಳಿಯುವುದು ಎ.ಸಿ. ಒಂದೇ, ಅದೂ ಬೇಸಿಗೆಯಲ್ಲಿ ಹಗಲೂ ರಾತ್ರಿ. ಕರೆಂಟು ಹೋದ ಹೊತ್ತಿಗೆ ಏನು ಗತಿ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಬಿಸಿಲ ಧಗೆ ಹೊಡೆದರೆ ಈ ಪ್ರಾಣಿ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಸೆಕೆ ತಾಗಿದೆ ಎಂದು ತಿಳಿಯುವುದು ಹೇಗೆ? ಕಿವಿ ಕೆಂಪೇರುತ್ತದೆ, ಒಳಗಿನ ರಕ್ತನಾಳಗಳು ಎದ್ದು ಕಾಣುತ್ತವೆ. ಪ್ರಾಣಿ ಅಡ್ಡಡ್ಡ ಮಲಗಿ ಏದುಸಿರು ಬಿಡುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ. ಆಗ ತಣ್ಣನೆಯ ಜಾಗಕ್ಕೆ ಒಯ್ದು, ಸಾಧಾರಣ ತಂಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿ, ಪಾದಗಳಿಗೆ ಮುಟ್ಟಿಸುತ್ತಾ ತಕ್ಷಣ ವೈದ್ಯರ ಬಳಿ ಹೋಗಬೇಕು. ಐಸ್ ನೀರಿನಲ್ಲಿ ಅದ್ದುವ ಕೆಲಸ ಮಾತ್ರ ಬೇಡವೇ ಬೇಡ.

ಸೆಕೆಯ ಈ ಸಂಗತಿಯನ್ನು ನೂರು ವರ್ಷದ ಹಿಂದೆಯೇ ಅರಿತವನೊಬ್ಬನಿದ್ದ. ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್. ಚಿಲಿಯ ಗಣಿಯಲ್ಲಿ ಕೆಲಸದಲ್ಲಿದ್ದಾಗ ಚಿಂಚಿಲಾ ಕಂಡು ಮರುಳಾದ. ಆ ಹೊತ್ತಿಗೆ ಬೇಟೆಯಿಂದ ಅವು ಎಷ್ಟು ವಿರಳವಾಗಿದ್ದವೆಂದರೆ, ಆಳುಗಳನ್ನಿಟ್ಟು ಹುಡುಕಿಸಿದರೂ ಹನ್ನೊಂದು ಪ್ರಾಣಿ ಒಟ್ಟುಮಾಡಲು ವರ್ಷಗಳೇ ಹಿಡಿದವು. ಅವನ್ನು ಬೆಟ್ಟದಿಂದ ಒಮ್ಮೆಗೇ ಇಳಿಸಲಿಲ್ಲ. ಒಂದಿಷ್ಟು ಇಳಿಸಿ, ಅಲ್ಲೇ ಕೆಲಕಾಲ ಇಟ್ಟು, ಒಗ್ಗಿದ ಮೇಲೆ ಮತ್ತಷ್ಟು ಕೆಳಗೆ ತಂದ. ಹಡಗಿನಲ್ಲಿ ಪಂಜರಗಳಿಗೆ ನೆರಳು ಕಟ್ಟಿ, ಐಸ್ ಇಟ್ಟು ತಂಪು ಕಾದ. 1923ರಲ್ಲಿ ಅವು ಕ್ಯಾಲಿಫೋರ್ನಿಯಾ ಮುಟ್ಟಿದವು. ಇಂದು ಜಗತ್ತಿನ ಮನೆಗಳಲ್ಲಿರುವ ಚಿಂಚಿಲಾಗಳಲ್ಲಿ ಹೆಚ್ಚಿನವು ಆ ಹಿಂಡಿನ ಸಂತಾನವೇ. ಇಷ್ಟು ಜತನ ಮಾಡಿದವನ ಉದ್ದೇಶ ತುಪ್ಪಳದ ವ್ಯಾಪಾರ ಎಂಬುದು ಮನಸ್ಸಿಗೆ ನೋವು ತರುವ ಮಾತು.

ಆ ತುಪ್ಪಳದಲ್ಲಿ ಅಂಥದ್ದೇನಿದೆ? ನಮ್ಮ ತಲೆಯಲ್ಲಿ ಒಂದು ಬುಡಕ್ಕೆ ಒಂದೋ ಎರಡೋ ಕೂದಲು. ಚಿಂಚಿಲಾದ ಚರ್ಮದಲ್ಲಿ ಒಂದೇ ರಂಧ್ರದಿಂದ ಐವತ್ತಕ್ಕೂ ಹೆಚ್ಚು ಎಳೆ ಹೊರಡುತ್ತವೆ. ಚಳ್ಳಕೆರೆ ಸೀಮೆಯ ಕಂಬಳಿಗೆ ಕುರಿಯ ಉಣ್ಣೆ ಕತ್ತರಿಸುತ್ತಾರೆ, ಕುರಿ ಮತ್ತೆ ಮೇಯಲು ಹೋಗುತ್ತದೆ. ಚಿಂಚಿಲಾ ಕೋಟಿಗೆ ಚರ್ಮವೇ ಬೇಕು. ಉದ್ದನೆಯ ಒಂದು ಕೋಟಿಗೆ ನೂರಕ್ಕೂ ಮಿಕ್ಕಿ ಪ್ರಾಣಿಗಳ ಚರ್ಮ. ಬೇಟೆ ತಡೆಯಲು 1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ಒಪ್ಪಂದ ಮಾಡಿಕೊಂಡವು. ಭಾರತ ಸರ್ಕಾರವೂ 2017ರ ಜನವರಿಯಲ್ಲಿ ಮಿಂಕ್, ನರಿಗಳ ಜೊತೆ ಚಿಂಚಿಲಾ ತುಪ್ಪಳದ ಆಮದನ್ನು ನಿಷೇಧಿಸಿತು. ಒಳ್ಳೆಯ ಕೆಲಸ.

ಸ್ನಾನ ಮಾಡಿಸುವುದು ಹೇಗೆ? ನೀರಿನಲ್ಲಿ ಮಾಡಿಸಲೇಬಾರದು. ಅಷ್ಟು ದಟ್ಟ ತುಪ್ಪಳ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಶೀತವಾಗುತ್ತದೆ, ಚರ್ಮ ಕೆಡುತ್ತದೆ. ಅದರ ಸ್ನಾನ ಧೂಳಿನಲ್ಲಿ. ಅಗಲ ಬೋಗುಣಿಯಲ್ಲಿ ಎರಡು ಬೆರಳು ದಪ್ಪ ಧೂಳು ಹಾಕಿಟ್ಟರೆ ಮೊದಲು ಮೂತಿ ಚಾಚಿ ಮೂಸುತ್ತದೆ, ಮುಂಗಾಲಿನಿಂದ ಎರಡು ಸಲ ಕೆರೆಯುತ್ತದೆ, ಆಮೇಲೆ ಒಮ್ಮೆಗೇ ಬಿದ್ದು ಅತ್ತಿಂದಿತ್ತ ಇತ್ತಿಂದತ್ತ ಗಿರ್ರನೆ ಉರುಳುತ್ತದೆ. ಎದ್ದು ಮೈ ಕೊಡವಿದರೆ ಪಂಜರದ ಸುತ್ತ ಹೊಗೆ ಎದ್ದಂತೆ ಕಾಣುತ್ತದೆ. ಎಣ್ಣೆಜಿಡ್ಡು, ತೇವ ಎರಡನ್ನೂ ಆ ಧೂಳು ಹೀರಿಕೊಂಡಿರುತ್ತದೆ. ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಸಾಕು. ಬೋಗುಣಿ ಒಳಗೇ ಬಿಟ್ಟರೆ ಕಣ್ಣು ಉರಿಯುತ್ತದೆ, ಚರ್ಮ ಒಣಗುತ್ತದೆ. ಹೊಲದ ಎರೆಮಣ್ಣಾಗಲಿ ಹಳ್ಳದ ಮರಳಾಗಲಿ ಇದಕ್ಕೆ ಬರುವುದಿಲ್ಲ. ಎರೆಮಣ್ಣು ಮೆತ್ತುತ್ತದೆ, ಮರಳು ಕೂದಲನ್ನು ಕಡಿಯುತ್ತದೆ. ಜ್ವಾಲಾಮುಖಿ ಬೂದಿಯಂಥ ನಯವಾದ ಧೂಳನ್ನೇ ಅಂಗಡಿಯಿಂದ ತರಬೇಕು.

ಮೊಳಕಾಲ್ಮೂರು, ಚಳ್ಳಕೆರೆ ಎಂದರೆ ಶೇಂಗಾ ಸೀಮೆ. ಮನೆಯಲ್ಲಿ ಶೇಂಗಾ ಇದ್ದೇ ಇರುತ್ತದೆ, ಮಕ್ಕಳು ಪ್ರೀತಿಯಿಂದ ಎರಡು ಕಾಳು ಕೊಟ್ಟರೆ? ಕೊಡಬೇಡಿ. ಇದರ ಹೊಟ್ಟೆ ಒರಟು ಒಣಹುಲ್ಲಿಗೆಂದೇ ಆದದ್ದು. ಎಣ್ಣೆಕಾಳು, ದ್ರಾಕ್ಷಿ, ಬೆಲ್ಲ, ಬಿಸ್ಕತ್ತು ಯಾವುದೂ ಸಲ್ಲದು. ಹೊಟ್ಟೆಯಲ್ಲಿ ಗಾಳಿ ತುಂಬಿದರೆ ತೇಗಿ ಹೊರಹಾಕಲಾರದು, ವಾಂತಿ ಮಾಡಲೂ ಬಾರದು. ಇನ್ನು ದನಕ್ಕೆ ಹಾಕುವ ಶೇಂಗಾ ಹೊಟ್ಟು? ಅದರಲ್ಲಿ ಕ್ಯಾಲ್ಸಿಯಂ, ಪ್ರೋಟೀನು ಹೆಚ್ಚು. ಜೊತೆಗೆ ಬಣವೆ ನೆನೆದು ಬೂಷ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ. ಅದು ಯಕೃತ್ತನ್ನೇ ಹಾಳುಮಾಡುತ್ತದೆ. ತಿನಿಸಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಟಿಮೊಥಿ ಹುಲ್ಲು ಅಥವಾ ಅಂಥದೇ ನಾರಿನ ಒಣಹುಲ್ಲು, ದಿನಕ್ಕೆ ಒಂದೆರಡು ಚಮಚ ಚಿಂಚಿಲಾ ಪೆಲೆಟ್, ದಿನವೂ ಬದಲಿಸಿದ ಕುಡಿಯುವ ನೀರು. ಇಷ್ಟೇ ಅದರ ಊಟ. ಒಂದು ಹೊತ್ತು ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ನಿಂತರೆ ಕಾಯುತ್ತ ಕೂರಬೇಡಿ; ಕರುಳಿನ ಚಲನೆ ನಿಂತಿರಬಹುದು.

ಹಲ್ಲು ಹಳದಿಯಾಗಿದೆ, ಕಾಯಿಲೆಯೇ? ಗಾಬರಿ ಬೇಡ. ಬಾಚಿಹಲ್ಲು ಕಿತ್ತಳೆ ಹಳದಿಯಾಗಿದ್ದರೆ ಅದೇ ಆರೋಗ್ಯ. ಬೆಳ್ಳಗಾದರೆ ಅನುಮಾನ ಪಡಬೇಕು. ಬಾಯಲ್ಲಿರುವ ಇಪ್ಪತ್ತು ಹಲ್ಲುಗಳೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಸವೆಯದಿದ್ದರೆ ಬಾಯೊಳಗೇ ಚುಚ್ಚಿ, ಜೊಲ್ಲು ಸುರಿಸುತ್ತಾ ಊಟ ಬಿಡುತ್ತದೆ.

ಮಕ್ಕಳ ಕೈಗೆ ಕೊಡಬಹುದೇ? ಚಿಕ್ಕ ಮಕ್ಕಳ ಕೈಗೆ ಬೇಡ. ಗಟ್ಟಿಯಾಗಿ ಹಿಡಿದರೆ ಹಿಡಿದ ಜಾಗದ ತುಪ್ಪಳವನ್ನು ಗೊಂಚಲಾಗಿ ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುತ್ತದೆ. ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಪಕ್ಕೆಲುಬು ತೀರ ಸಣ್ಣವು. ಹಗಲು ನಿದ್ದೆ, ಎಚ್ಚರವೆಲ್ಲ ಸಂಜೆ, ರಾತ್ರಿ. ಕಿವಿ ಬಹಳ ಸೂಕ್ಷ್ಮ; ಅದು ಕೇಳಿಸಿಕೊಳ್ಳುವ ಶಬ್ದಗಳ ವ್ಯಾಪ್ತಿ ಮನುಷ್ಯರದಕ್ಕೆ ಹತ್ತಿರ ಎಂದು ಶ್ರವಣದ ಸಂಶೋಧನೆಗಳಲ್ಲಿ ಇದನ್ನು ಬಳಸುತ್ತ ಬಂದಿದ್ದಾರೆ. ಜಾತ್ರೆಯ ಉರುಮೆ, ಪಟಾಕಿ, ಮೈಕಿನ ಸದ್ದು ಅದಕ್ಕೆ ಹಿಂಸೆ. ಐದಡಿ ಎತ್ತರಕ್ಕೆ ನೆಗೆಯಬಲ್ಲ ಪ್ರಾಣಿಗೆ ಕೋಳಿಪಂಜರ ಸಾಕಾಗುವುದಿಲ್ಲ.

ಇನ್ನಷ್ಟು, ಚುಟುಕಾಗಿ. ತೂಕ ಅರ್ಧ ಕಿಲೋ ಆಸುಪಾಸು. ಗರ್ಭ 111 ದಿನ. ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಆಯಸ್ಸು ಹತ್ತರಿಂದ ಇಪ್ಪತ್ತು ವರ್ಷ. 29 ದಾಟಿದ್ದೂ ದಾಖಲಾಗಿದೆ. ಇಂದು ಹೈಸ್ಕೂಲಿನಲ್ಲಿರುವ ಮಗಳು ಮದುವೆಯಾಗಿ ಹೋದ ಮೇಲೂ ಸಾಕುವವರು ಬೇಕು. ಅದರಿಂದ ಮನುಷ್ಯರಿಗೆ ಹುಳುಕಡ್ಡಿ ಅಂಟಬಹುದು, ಮುಟ್ಟಿದ ಮೇಲೆ ಕೈ ತೊಳೆಯಿರಿ.

‘ನಮ್ಮೂರಲ್ಲೇ ಚಿಂಚಿಲಾ ಸಾಕಿದ್ದಾರೆ’ ಎಂದು ಯಾರಾದರೂ ಹೇಳಿದರೆ ಅದು ಬಹುತೇಕ ಮೊಲ. ನಮ್ಮ ಮೊಲ ಸಾಕಾಣಿಕೆಯಲ್ಲಿ ‘ಸೋವಿಯತ್ ಚಿಂಚಿಲಾ’ ಎಂಬ ತಳಿಯಿದೆ. ತುಪ್ಪಳದ ಬೂದುಬಣ್ಣಕ್ಕಾಗಿ ಆ ಹೆಸರು. ನಾಲ್ಕೈದು ಕಿಲೋ ತೂಗುತ್ತದೆ, ಗಬ್ಬವಾದ ತಿಂಗಳಿಗೆ ಮರಿ ಹಾಕುತ್ತದೆ. ಆಂಡಿಸ್‌ನ ಚಿಂಚಿಲಾಕ್ಕೂ ಅದಕ್ಕೂ ನಂಟಿಲ್ಲ. ಸೆಕೆ ಮಾತ್ರ ಮೊಲಕ್ಕೂ ಆಗದು. ತಂಪು ಗೂಡು, ನೆರಳು ಅದಕ್ಕೂ ಬೇಕು.

ಕಾನೂನು ಏನನ್ನುತ್ತದೆ? ಕಾಡು ಚಿಂಚಿಲಾ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ವ್ಯಾಪಾರ ನಿಷಿದ್ಧ. ಸಾಕುತಳಿಗೆ ಅದರಿಂದ ವಿನಾಯಿತಿಯಿದೆ. ವಿದೇಶಿ ಪ್ರಾಣಿಗಳ ವಿವರ ದಾಖಲಿಸಲು ಕೇಂದ್ರ ಸರ್ಕಾರ ತನ್ನ ‘ಪರಿವೇಶ್’ ಜಾಲತಾಣದಲ್ಲಿ ಅವಕಾಶ ಮಾಡಿದೆ, 2024ರಲ್ಲಿ ನೋಂದಣಿ ನಿಯಮಗಳನ್ನೂ ತಂದಿದೆ. 2018ರ ನಿಯಮದಂತೆ ಸಾಕುಪ್ರಾಣಿ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಲೇಬೇಕು. ಬಿಲ್ಲಿಲ್ಲದೆ ಕೊಳ್ಳಬೇಡಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ತರಬೇಡಿ. ಅಂದಹಾಗೆ, ನಮ್ಮ ಹೊಲದ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು, ನಕ್ಷತ್ರ ಆಮೆ ಸಾಕುವುದು ಎರಡೂ ಅಪರಾಧ. ಇದು ಇನ್ನೂ ಬಹಳ ಮಂದಿಗೆ ತಿಳಿದಿಲ್ಲ.

ಕೊನೆಯ ಪ್ರಶ್ನೆ ವೈದ್ಯರದ್ದು. ನಮ್ಮ ಪಶು ಆಸ್ಪತ್ರೆಗಳ ನಿತ್ಯದ ಕೆಲಸ ದನ, ಎಮ್ಮೆ, ಕುರಿ, ಮೇಕೆ. ಚಿಂಚಿಲಾದ ಹಲ್ಲು, ಕರುಳು ಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕಾದೀತು. ದೇವಸಮುದ್ರದಿಂದ ಅದು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಸೆಕೆ ತಾಗಿದ ಪ್ರಾಣಿಯನ್ನು ಅಷ್ಟು ದೂರ ಒಯ್ಯುವಷ್ಟು ಹೊತ್ತೇ ಇರುವುದಿಲ್ಲ. ಬೆಂಗಳೂರಿನಲ್ಲಿ ಈಗಾಗಲೇ ಸಾಕಿರುವ ನೆಂಟರಿದ್ದರೆ ಅವರಿಗೂ ಹೇಳಿ, ಬೇಸಿಗೆ ರಜೆಗೆ ಊರಿಗೆ ಬರುವಾಗ ಅದನ್ನು ಜೊತೆಗೆ ತರದಿರಲಿ. ಸಾಕಲೇಬೇಕು ಎಂಬ ಆಸೆ ಬಲವಾಗಿದ್ದರೆ ಒಂದು ಥರ್ಮಾಮೀಟರ್ ತಂದು ನಿಮ್ಮ ಮನೆಯ ತಂಪು ಕೋಣೆಯ ಗೋಡೆಗೆ ತೂಗುಹಾಕಿ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನೋಡಿ. 25ಕ್ಕಿಂತ ಮೇಲೆ ಹೋಗಿದ್ದರೆ ದಯವಿಟ್ಟು ಚಿಂಚಿಲಾ ತರಬೇಡಿ.