ಲೋಹದ ಹಂಗಿಲ್ಲದ ಹೈಡ್ರೋಜನ್

ವನಸ್ಪತಿಯ ಡಬ್ಬ ನಮ್ಮ ಅಡುಗೆಮನೆಗಳಿಗೆ ಹೊಸತಲ್ಲ. ಹರಿಯುವ ಎಣ್ಣೆ ಹೀಗೆ ಗಟ್ಟಿಯಾಗುವುದು ಹೇಗೆ? ಬಿಸಿ ಎಣ್ಣೆಗೆ ನಿಕ್ಕಲ್ ಲೋಹದ ನುಣ್ಣನೆಯ ಪುಡಿ ಬೆರೆಸಿ, ಒತ್ತಡದಲ್ಲಿ ಹೈಡ್ರೋಜನ್ ಅನಿಲ ಹಾಯಿಸುತ್ತಾರೆ. ಎಣ್ಣೆಯ ಅಣುಗಳಿಗೆ ಹೈಡ್ರೋಜನ್ ಸೇರಿದ ಬಳಿಕ ನಿಕ್ಕಲನ್ನು ಸೋಸಿ ತೆಗೆಯುತ್ತಾರೆ. ಲೋಹದ ಪುಡಿಯ ನೆರವಿನಿಂದ ಹೈಡ್ರೋಜನ್ ಸೇರಿಸುವ ವಿಧಾನಕ್ಕಾಗಿ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಲೋಹವೇಕೆ ಬೇಕು? ಹೈಡ್ರೋಜನ್‌ನ ಎರಡು ಪರಮಾಣುಗಳು ಪರಸ್ಪರ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕೇವಲ 2 ಗ್ರಾಂ ಹೈಡ್ರೋಜನ್‌ನ ಬಂಧಗಳನ್ನು ಮುರಿಯಲು ಸುಮಾರು 436 ಕಿಲೋಜೂಲ್ ಶಕ್ತಿ ಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಬೇಡ! ಲೋಹ ಈ ಕೆಲಸವನ್ನು ಸುಲಭಗೊಳಿಸುತ್ತದೆ. ಆದರೆ ಅದಕ್ಕೆ ಬೆಲೆಯೂ ಇದೆ. ಔಷಧಿ ತಯಾರಿಕೆಯಲ್ಲಿ ಬಳಸುವ ಪಲ್ಲಾಡಿಯಂ ದುಬಾರಿ. ಮಾತ್ರೆಯಲ್ಲಿ ಅದರ ಅಂಶ ಮಿತಿ ಮೀರಿ ಉಳಿಯದಂತೆ ಶುದ್ಧೀಕರಿಸಬೇಕು.

2006ರಲ್ಲಿ ಕೆನಡಾದ ವಿಂಡ್ಸರ್ ವಿಶ್ವವಿದ್ಯಾನಿಲಯದ ಡಗ್ಲಸ್ ಸ್ಟೀಫನ್ ತಂಡವು ಅಚ್ಚರಿಯ ಫಲಿತಾಂಶವೊಂದನ್ನು ಪ್ರಕಟಿಸಿತು. ರಂಜಕ ಮತ್ತು ಬೋರಾನ್ ಇದ್ದ ಅವರ ವಸ್ತುವಿನಲ್ಲಿ ಯಾವ ಲೋಹವೂ ಇರಲಿಲ್ಲ. ಆದರೂ ಅದು ಕೋಣೆಯ ಉಷ್ಣತೆಯಲ್ಲೇ ಹೈಡ್ರೋಜನನ್ನು ಸೀಳಿ ಹಿಡಿದಿಟ್ಟುಕೊಂಡಿತು. 100 ಡಿಗ್ರಿಗೂ ಹೆಚ್ಚು ಕಾಯಿಸಿದಾಗ ಮರಳಿ ಬಿಟ್ಟುಕೊಟ್ಟಿತು. ಮರುವರ್ಷ ಇಂತಹ ವಸ್ತುಗಳಿಂದಲೇ ಬೇರೆ ಅಣುಗಳಿಗೆ ಹೈಡ್ರೋಜನ್ ಸೇರಿಸಿಯೂ ತೋರಿಸಿದರು.

ರಂಜಕದ ಬಳಿ ಕೊಡಲು ಎಲೆಕ್ಟ್ರಾನ್‌ಗಳಿವೆ, ಬೋರಾನ್‌ಗೆ ಅವುಗಳ ಕೊರತೆಯಿದೆ. ಕೊಡುವ ಕೈ, ಪಡೆಯುವ ಕೈ. ಸಾಮಾನ್ಯವಾಗಿ ಇವೆರಡೂ ಸೇರಿ ತೆಪ್ಪಗಾಗುತ್ತವೆ. ಆದರೆ ಇಲ್ಲಿ ಎರಡರ ಸುತ್ತಲೂ ದಪ್ಪ ದಪ್ಪ ಅಣುಗುಂಪುಗಳಿರುವುದರಿಂದ ಹತ್ತಿರ ಬರಲಾಗದು. ನಿಶ್ಚಿತಾರ್ಥವಾಗಿಯೂ ನಿಕಾಹ್ ಆಗದ ಜೋಡಿ ಎನ್ನೋಣವೇ? ವಿಜ್ಞಾನಿಗಳೂ ಇದನ್ನು ‘ಹತಾಶ ಜೋಡಿ’ ಎಂದೇ ಕರೆದಿದ್ದಾರೆ.

ಬಂಧ ಮುರಿಯುವ ಆ ಕ್ಷಣವನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸದು. ಹಾಗಾಗಿ ಕಂಪ್ಯೂಟರ್ ಬೇಕಾಯಿತು. ಪರಮಾಣುಗಳನ್ನು ಬೇರೆ ಬೇರೆ ದೂರದಲ್ಲಿಟ್ಟು, ಪ್ರತಿ ಬಾರಿಯೂ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಲೆಕ್ಕ ಹಾಕಿ, ಕಡಿಮೆ ಏರಿನ ದಾರಿಯನ್ನು ಹುಡುಕುವ ವಿಧಾನವಿದು. 2008ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ಇಮ್ರೆ ಪಾಪೈ ಮತ್ತು ಸಂಗಡಿಗರು ಹೀಗೆ ಲೆಕ್ಕ ಹಾಕಿದಾಗ, ಜೋಡಿಯ ನಡುವೆ ಸಣ್ಣದೊಂದು ಪೊಳ್ಳು ಉಳಿಯುವುದು ತಿಳಿಯಿತು. ಹೈಡ್ರೋಜನ್ ಅದರೊಳಗೆ ನುಸುಳುತ್ತದೆ. ಒಂದು ಕಡೆಯಿಂದ ರಂಜಕ ಎಲೆಕ್ಟ್ರಾನ್ ತುಂಬುತ್ತದೆ, ಇನ್ನೊಂದು ಕಡೆಯಿಂದ ಬೋರಾನ್ ಎಳೆಯುತ್ತದೆ; ಬಂಧ ಸಡಿಲವಾಗುತ್ತದೆ. 2010ರಲ್ಲಿ ಜರ್ಮನಿಯ ಸ್ಟೆಫಾನ್ ಗ್ರಿಮ್ ಬಳಗವು ಬೇರೆ ವಿವರಣೆ ಕೊಟ್ಟಿತು. ಪೊಳ್ಳಿನೊಳಗಿನ ವಿದ್ಯುತ್ ಕ್ಷೇತ್ರವೇ ಹೈಡ್ರೋಜನನ್ನು ಸೀಳುತ್ತದೆ ಎಂಬುದು ಅವರ ವಾದ. ಒಂದೇ ಕ್ರಿಯೆಗೆ ಎರಡು ವ್ಯಾಖ್ಯಾನ! ವಿದ್ವಾಂಸರ ನಡುವೆ ಇಂತಹ ಭಿನ್ನಾಭಿಪ್ರಾಯ ಒಳ್ಳೆಯದೇ.

ಗೃಹಿಣಿಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಿಕ್ಕಲ್‌ನ ಮೇಲೆ ಎಣ್ಣೆಯ ಕೆಲವು ಅಣುಗಳು ಹೈಡ್ರೋಜನ್ ಪಡೆದು ಮತ್ತೆ ಕಳಕೊಳ್ಳುತ್ತವೆ. ಆ ಗಲಿಬಿಲಿಯಲ್ಲಿ ಅವುಗಳ ಆಕಾರ ತಿರುಚಿ, ಹೃದಯಕ್ಕೆ ಮಾರಕವಾದ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದಕ್ಕೆ ಶೇಕಡಾ 2ರ ಮಿತಿಯಿದೆ. 2013ರಲ್ಲಿ ಹೆಲ್ಸಿಂಕಿ ಮತ್ತು ಬುಡಾಪೆಸ್ಟ್‌ನ ವಿಜ್ಞಾನಿಗಳು ಬೋರಾನ್ ಜೋಡಿಯಿಂದ, ತ್ರಿಬಂಧವಿರುವ ಅಣುಗಳಿಗೆ ಹೈಡ್ರೋಜನ್ ಸೇರಿಸಿ, ತಿರುಚದ ‘ಸಿಸ್’ ಆಕಾರವನ್ನೇ ಪಡೆದರು. ಆದರೆ ಅದು ಅಡುಗೆ ಎಣ್ಣೆಯ ಮೇಲಿನ ಪ್ರಯೋಗವಲ್ಲ. ಈ ಜೋಡಿಗಳಲ್ಲಿ ಹಲವಕ್ಕೆ ನೀರಿನ ಪಸೆಯೂ ಆಗದು. ಆದ್ದರಿಂದ ಸಮೋಸ ಕರಿಯುವ ಮುನ್ನ ಡಬ್ಬದ ಚೀಟಿಯಲ್ಲಿ ಟ್ರಾನ್ಸ್ ಕೊಬ್ಬಿನ ಪ್ರಮಾಣ ಓದುವ ಕೆಲಸ ನಮಗಂತೂ ತಪ್ಪಿದ್ದಲ್ಲ.